ಹಾಸು ಮುಗಿಸಿ ಬಿಟ್ಟವನು
ದೊಡ್ಡಬಳ್ಳಾಪುರದ ಕಂಪ್ಯೂಟರ್ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದ ಪದ್ಮಶ್ರೀ, ನೇಕಾರ ಚೌಡಪ್ಪನಷ್ಟು ಗತ್ತಿನಿಂದ ಕೆಲಸ ಬಿಡುವ ಮನುಷ್ಯನನ್ನು ಬೇರೆಲ್ಲೂ ಕಂಡಿರಲಿಲ್ಲ. ಅವನು ಬಿಡುತ್ತಿದ್ದುದು ಪರದೆಯ ಮೇಲಿನ ಕೆಲಸ, ಫುಟ್‌ಬಾಲ್ ತಂಡ ನಡೆಸುವ ಆಟದಲ್ಲಿನ ಮ್ಯಾನೇಜರ್‌ಗಿರಿ. ಕೇಂದ್ರಕ್ಕೆ ಗಂಟೆ ಬಾಡಿಗೆ ಕೊಟ್ಟು ಆಡಲು ಕೂತರೆ ಅವನ ತಲೆಗೂದಲಿಗೆ ಅಂಟಿದ್ದ ರೇಷ್ಮೆ ಎಳೆಗಳು ಕೀಬೋರ್ಡಿನ ಮೇಲೆ ಉದುರುತ್ತಿದ್ದವು. ಆಮೇಲೆ ಅವಳು ಬ್ರಷ್ ಹಿಡಿದು ಗುಡಿಸಬೇಕು. ತಂಡ ಎಷ್ಟೇ ಸೋಲಲಿ, ಮಾಲೀಕರು ಎಷ್ಟೇ ಉಗಿಯಲಿ, ಸೀಸನ್ನಿನ ಕೊನೆಯ ಪಂದ್ಯ ಮುಗಿಯದೆ ಅವನು ರಾಜೀನಾಮೆ ಕೊಡುವವನಲ್ಲ. "ಏರಿಸಿದ ಹಾಸು ನೇಯ್ದು ಮುಗಿಸ್ದೆ ಮಗ್ಗ ಬಿಡಬಾರ್ದು ಕಣಮ್ಮ," ಎನ್ನುತ್ತಿದ್ದ. ಬಿಟ್ಟ ಮೇಲೆ ಇನ್ನೊಂದು ತಂಡ ಕರೆಯುವವರೆಗೆ, ಹೆಣ್ಣಿನ ಮನೆಯವರಿಗಾಗಿ ಕಾಯುವ ಗಂಡಿನಂತೆ ಕಾಲರ್ ಗುಂಡಿ ಹಾಕಿಕೊಂಡು, ಆಟದ ವಾರಗಳನ್ನು ಒಂದೊಂದಾಗಿ ಮುಂದೆ ತಳ್ಳುತ್ತ ಕೂರುತ್ತಿದ್ದ. ಕರೆದದ್ದು ಕಟ್ಟಕಡೆಯ ದರ್ಜೆಯ ತಂಡವಾದರೂ ಚಪ್ಪಲಿ ಬಿಟ್ಟು, ಪರದೆಗೆ ಕೈಮುಗಿದೇ ಒಪ್ಪಿಕೊಳ್ಳುತ್ತಿದ್ದ. ಮಗ್ಗಕ್ಕೆ ಹೊಸ ಹಾಸಿನ ಉದ್ದೆಳೆಗಳನ್ನು ಏರಿಸುವಾಗಲೂ ಹಾಗೆಯೇ ಅಂತೆ. ಪದ್ಮಶ್ರೀ ಪಾಠ ಮರೆತು ನೋಡುತ್ತ ನಿಲ್ಲುತ್ತಿದ್ದಳು. ಈ ಸಲ ಕರೆ ತೀರಾ ತಡವಾಗಿ ಬಂತು. ಅವನಿಗೆ ಇಂಗ್ಲಿಷ್ ಬಾರದು, ಪರದೆಯ ಮೇಲೆ ಬಂದ ಪತ್ರವನ್ನು ಎಂದಿನಂತೆ ಅವಳೇ ಕನ್ನಡ ಮಾಡಿ ಓದಿದಳು: "ನಿಮ್ಮಂಥವರು ನಮಗೆ ಬೇಕು, ಕೆಲಸಕ್ಕೆ ಬನ್ನಿ." ಅಭ್ಯಾಸದಂತೆ ಬ್ರಷ್ ಎತ್ತಿಕೊಂಡವಳಿಗೆ ಕೀಬೋರ್ಡಿನ ಮೇಲೆ ಒಂದು ಎಳೆಯೂ ಕಾಣಲಿಲ್ಲ. ಯೋಚಿಸಿದರೆ, ಎಷ್ಟೋ ವಾರದಿಂದ ಕಂಡಿರಲಿಲ್ಲ. "ಮಗ್ಗಕ್ಕೆ ಹೋಗ್ತಿಲ್ವಾ ಚೌಡಪ್ಪನೋರೆ?" ಎಂದಳು. "ಹಾಸು ಮುಗಿಸ್ಕೊಟ್ಟೇ ಮಗ್ಗ ಬಿಟ್ಟೆ ಕಣಮ್ಮ. ಇನ್ನೂ ಬೇರೆ ಮಗ್ಗದೋರು ಯಾರೂ ಕರೆದಿಲ್ಲ," ಎಂದ ಚೌಡಪ್ಪ, ಪರದೆಯಿಂದ ಕಣ್ಣು ತೆಗೆಯದೆ. ಕಾಲರ್ ಸರಿಮಾಡಿಕೊಂಡ. "ಇನ್ನೊಂದ್ಸಲ ಓದಮ್ಮ, ನಿಧಾನಕ್ಕೆ."