ಬಾಹ್ಯಾಕಾಶದ ಬಟ್ಟೆಗೆ ಮಾರೇನಹಳ್ಳಿಯ ಜಿಪ್ಪು

ಬೆಳಗಿನ ಐದೂವರೆ. ಮಾರೇನಹಳ್ಳಿಯ ಈ ಓಣಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಎದ್ದಿರುವುದು ಅಂಜಿನಯ್ಯನವರ ಟೈಲರ್ ಅಂಗಡಿಯೊಂದೇ. ಒಳಗೆ ಬೆಳ್ಳಿ ಬಣ್ಣದ ರೆಕ್ಸಿನ್ ತೊಟ್ಟ ಅನ್ಯಗ್ರಹವಾಸಿಯೊಬ್ಬ ಕುಕ್ಕರಗಾಲಿನಲ್ಲಿ ಕೂತಿದ್ದಾನೆ. ಹೆಸರು ದುಂಡೇಶ. ಬಾಗಲಕೋಟೆ ಕಡೆಯವನು, ಸುಂಕದಕಟ್ಟೆಯಲ್ಲಿ ರೂಮು ಮಾಡಿಕೊಂಡು ಕೊರಿಯರ್ ಹಂಚುತ್ತಾನೆ.

"ಏಳಿ. ಕೈ ಮೇಲೆತ್ತಿ, ಬಸ್ಸಲ್ಲಿ ಕಂಬಿ ಹಿಡಿದಂಗೆ," ಎನ್ನುತ್ತಾರೆ ಅಂಜಿನಯ್ಯ. ಆಮೇಲೆ ಒಂದು ಚೊಂಬು ನೀರು ಚಾಚುತ್ತಾರೆ. "ಪೂರ್ತಿ ಕುಡೀರಿ."

"ನೀರ್ಯಾಕ್ರೀ ಕಾಕಾ?"

"ಕುಡೀರಿ ಅಂದ್ನಲ್ಲ. ಕುಡಿದು ಹಿತ್ಲ ಕಡೆ ಹೋಗಿ, ಒಬ್ರೇ ಬಿಚ್ಚಿ, ಒಬ್ರೇ ಹಾಕ್ಕೊಂಡು ಬನ್ನಿ. ಆಮೇಲೆ ಮೈಸೂರು."

ಪ್ರತಿ ಡಿಸೆಂಬರಿನಲ್ಲಿ ಮೈಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ವೈಜ್ಞಾನಿಕ ಕತೆಗಳ ಹುಚ್ಚಿನವರೆಲ್ಲ ಸೇರುತ್ತಾರೆ. ಹರಟೆ, ಪುಸ್ತಕ, ಸಂಜೆಗೆ ವೇಷದ ಸ್ಪರ್ಧೆ. ಈ ಸಲ, ಅಂದರೆ ೨೦೦೯ರಲ್ಲಿ, ಅಂಜಿನಯ್ಯನವರು ಹನ್ನೊಂದು ವೇಷ ಹೊಲಿದಿದ್ದಾರೆ. ಒಂದಕ್ಕೆ ಐದು ಮೀಟರು ಬಟ್ಟೆ, ಮೂರು ದಿನದ ಕೆಲಸ. ರೆಕ್ಸಿನ್ನಿಗೆ ದಿನಕ್ಕೆ ನಾಲ್ಕು ಸೂಜಿಯಾದರೂ ಬಲಿ. ಜೊತೆಗೆ ಪುಕ್ಕಟೆ ಬುದ್ಧಿವಾದ, ಅದೂ ಬೇಡವೆಂದರೂ ಬಿಡುವುದಿಲ್ಲ:

"ಡಿಸೆಂಬರಲ್ಲಿ ಮೈಸೂರಲ್ಲಿ ರೂಮು ಸಿಗಲ್ಲ, ಮೊದ್ಲೇ ಹೇಳಿಡಿ. ಹೊಸ ಬೂಟು ಬೇಡ. ಅರಮನೆ ಸುತ್ತೋದಿದ್ರೆ ಚೀಲದಲ್ಲಿ ಚಪ್ಪಲಿ ಇರ್ಲಿ. ಮುಖವಾಡ ಬಸ್‌ಸ್ಟ್ಯಾಂಡಲ್ಲಿ ಹಾಕ್ಬೇಡಿ, ಮಕ್ಕಳು ಕಿರುಚ್ತಾವೆ. ತಿಂಡಿ ಬಿಡ್ಬೇಡಿ. ನೀರಂತೂ ಬಿಡ್ಲೇಬೇಡಿ."

ಇಷ್ಟೆಲ್ಲ ಎಲ್ಲಿ ಕಲಿತಿರಿ ಎಂದು ಪೇಪರಿಗೆ ಬರೆಯಲು ಬಂದ ನಾನು ಕೇಳಿದರೆ ಮನುಷ್ಯ ತಲೆ ಎತ್ತುವುದಿಲ್ಲ. ಕತ್ತರಿ ಆ ಕಡೆ ಇಡುತ್ತಾರೆ, ಈ ಕಡೆ ಇಡುತ್ತಾರೆ.

ಅಂಜಿನಯ್ಯನವರಿಗೆ ಈಗ ಐವತ್ತೆಂಟು. ಅದರಲ್ಲಿ ಮೂವತ್ತು ವರ್ಷ ನಾಟಕದ ಕಂಪನಿಗಳಿಗೆ ರಾಜರ, ರಾಕ್ಷಸರ ಬಟ್ಟೆ ಹೊಲಿದವರು. ಅಲ್ಲೊಂದು ಪದ್ಧತಿ. ಗುಂಡಿ, ಜಿಪ್ಪು ಇಟ್ಟರೆ ಮೈಕಟ್ಟು ಕೆಡುತ್ತದೆಂದು ಬೆನ್ನಿನ ಕೊನೆಯ ಹೊಲಿಗೆಯನ್ನು ಪಾತ್ರಧಾರಿಯ ಮೈಮೇಲೆಯೇ ಹಾಕುವುದು. ಆಟ ಮುಗಿದ ಮೇಲೆ ಟೈಲರೇ ಬಿಚ್ಚುವುದು. ರಾಜ ಎಲ್ಲಿದ್ದರೆ ಟೈಲರು ಅಲ್ಲಿ.

೨೦೦೬ರಲ್ಲಿ ಗೋವಿಂದರಾಜನಗರದ ಶೈಲಾ ಎಂಬ ಕಾಲೇಜು ಹುಡುಗಿ ಮೊದಲ ಬಾಹ್ಯಾಕಾಶದ ಬಟ್ಟೆ ಹೊಲಿಸಿದಳು. ಇದೇ ಅಂಗಡಿಯಲ್ಲಿ ನಸುಕಿಗೇ ತೊಡಿಸಿ, ಕೈ ರೂಢಿಯಂತೆ ಬೆನ್ನು ಹೊಲಿದು, ಚೆನ್ನಾಗಿ ಕಾಣ್ತೀಯಮ್ಮ ಎಂದು ಬಸ್ಸು ಹತ್ತಿಸಿದರು. ಜೊತೆಗೆ ಟೈಲರು ಹೋಗಲಿಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಹುಡುಗಿ ಬಿಚ್ಚಲು ದಾರಿ ಕಾಣದೆ, ಯಾರಿಗೂ ಹೇಳಲು ನಾಚಿ, ಸಂಜೆಯವರೆಗೆ ಹನಿ ನೀರು ಕುಡಿಯಲಿಲ್ಲ. ವೇದಿಕೆಯ ಮೇಲೆಯೇ ಕುಸಿದಳು. ಅಡುಗೆಮನೆಯಿಂದ ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ತಂದು, ಇನ್ನೂರು ಜನರ ಎದುರಿಗೆ ಬಟ್ಟೆಯ ಬೆನ್ನು ಸೀಳಿದರು. ಹಿಂದೆ ಯಾರೋ ನಕ್ಕರಂತೆ.

ಮರುದಿನ ತಾಯಿ ವರಲಕ್ಷ್ಮಿ ಸೀಳಿದ ಬಟ್ಟೆ ಹಿಡಿದು ಬಂದರು. ಹಿಂದೆ ಮೆಟ್ಟಿಲ ಮೇಲೆ ಶೈಲಾ. ಅಂಗಡಿ ತುಂಬ ಗಿರಾಕಿಗಳು.

"ಬಿಚ್ಚೋದು ಹೇಗೆ ಅಂತ ಹುಡುಗಿಗೆ ಹೇಳ್ಬಾರ್ದಾ, ಅಂಜಿನಯ್ಯನೋರೆ?"

"ಹೇಳಿದ್ನಲ್ಲಮ್ಮ! ಎಳೆದ್ರೆ ಹೊಲಿಗೆ ಬಿಚ್ಕೊಳ್ಳೋ ದಾರ ತೋರಿಸಿದ್ದೆ. ಅವಳೇ ಮರೆತಿರ್ಬೇಕು."

ಅಯ್ಯೋ, ಬಾಯಿಂದ ಜಾರಿದ್ದು ಒಂದೇ ಮಾತು. ತಾಯಿ ಮಗಳ ಕಡೆ ತಿರುಗಿದರು. "ನಿಂಗೆ ಮೈಮೇಲೆ ಜ್ಞಾನ ಇಲ್ವೇನೇ? ಊರವರ ಮುಂದೆ ಮಾನ ಕಳೆದ್ಯಲ್ಲೇ!" ಶೈಲಾ ಅಂಜಿನಯ್ಯನವರನ್ನು ಒಂದು ಸಲ ನೋಡಿದಳು. ಮೆಟ್ಟಿಲಿಳಿದು ಹೋದಳು.

"ಬೈದಿದ್ರೆ ಬದುಕ್ತಿದ್ದೆ ಸಾರ್," ಎನ್ನುತ್ತಾರೆ ಅಂಜಿನಯ್ಯ. "ಆ ನೋಟ ನೆನೆಸ್ಕೊಂಡ್ರೆ ಇವತ್ತಿಗೂ ಅನ್ನ ಇಳಿಯಲ್ಲ."

ಅಂದಿನಿಂದ ಪ್ರತಿ ವರ್ಷ ಸೂಜಿದಾರ ಕಟ್ಟಿಕೊಂಡು ಅವರೂ ಮೈಸೂರಿಗೆ ಹೋಗುತ್ತಾರೆ. ಮಂಟಪದ ಗೇಟಿನಲ್ಲಿ ಕೂತು ಹರಿದದ್ದು, ಕಿತ್ತದ್ದು ಹೊಲಿದುಕೊಡುತ್ತಾರೆ. ಕಳೆದ ವರ್ಷ ಅಲ್ಲಿ ಶೈಲಾ ಕಂಡಳು. ವೇಷವಿಲ್ಲ, ಸಾದಾ ಚೂಡಿದಾರ. "ಹೋಗಿ ಕಾಲು ಹಿಡೀಬೇಕಾಗಿತ್ತು. ಎಳನೀರು ಗಾಡಿ ಹಿಂದೆ ಅವಿತ್ಕೊಂಡೆ ಸಾರ್. ಈ ವಯಸ್ಸಲ್ಲಿ!"

ಗೋಡೆಯ ಮೊಳೆಗೆ ಹನ್ನೆರಡನೆಯ ಬಟ್ಟೆಯೊಂದು ತೂಗುತ್ತಿದೆ. ಅಳತೆ ಶೈಲಾಳದು. ಕತ್ತಿನಿಂದ ಸೊಂಟದವರೆಗೆ, ಮುಂಭಾಗದಲ್ಲೇ, ದಪ್ಪ ಜಿಪ್ಪು. ಅದನ್ನೂ ಮಡಿಸಿ ಚೀಲಕ್ಕೆ ಹಾಕುತ್ತಾರೆ. ಕೊಡುವ ಧೈರ್ಯ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಹಿತ್ತಲಿನಿಂದ ದುಂಡೇಶನ ಕೂಗು: "ಬಿಚ್ಚಾಕ ಬಂತ್ರೀ ಕಾಕಾ!"

ಅಂಜಿನಯ್ಯನವರ ಮುಖ ಒಂದಿಷ್ಟು ಸಡಿಲವಾಗುತ್ತದೆ. ಫೋಟೋಗೆಂದು ಕ್ಯಾಮೆರಾ ತೆಗೆದರೆ ಕೈ ಅಡ್ಡ ಹಿಡಿಯುತ್ತಾರೆ.

"ನನ್ ಫೋಟೋ ಬೇಡ ಸಾರ್. ಅಷ್ಟು ಜಾಗ ಇದ್ರೆ ಈ ಮಾತು ಹಾಕಿ. ವರಲಕ್ಷ್ಮಮ್ಮ ಭಾನುವಾರದ ಪೇಪರ್ ಓದ್ತಾರೆ. ಅವರ ಮಗಳು ಏನೂ ಮರೆತಿರ್ಲಿಲ್ಲ. ನಾನು ದಾರ ತೋರಿಸ್ಲಿಲ್ಲ. ದಾರಾನೇ ಇರ್ಲಿಲ್ಲ."