ಮಿರ್ಯಾ ತೊಳೆದ ಒಳಂಗಿ

ಲೋಹಿವಾರಾ ಊರಿನ ಕುರ್ಕಿ ತಂಡದ ಬಗ್ಗೆ ಫಿನ್ಲೆಂಡಿನಲ್ಲಿ ಎಲ್ಲರಿಗೂ ಗೊತ್ತಿರುವುದು ಎರಡು ಸಂಗತಿ. ಐಸ್ ಹಾಕಿಯ ದೊಡ್ಡ ಲೀಗನ್ನು ಅದು ಒಮ್ಮೆಯೂ ಗೆದ್ದಿಲ್ಲ. ಅದರ ಆಟದಂಗಳದಲ್ಲಿ ಸಿಗುವಂಥ ಸಾಸೇಜು ಬೇರೆಲ್ಲೂ ಸಿಗುವುದಿಲ್ಲ. ಗೊತ್ತಿಲ್ಲದ ಸಂಗತಿಯೂ ಒಂದಿದೆ. ಬಾಗಿಲ ಬಳಿ, ಎರಡನೆಯ ಮೂರನೆಯ ಸ್ಥಾನಕ್ಕೆ ಸಿಕ್ಕ ಬೆಳ್ಳಿ ಬಟ್ಟಲುಗಳ ಗಾಜಿನ ಕಪಾಟಿನಲ್ಲಿ ಅರ್ಧ ಸವೆದ ಸೋಪಿನ ತುಂಡೊಂದಿದೆ. ದನದ ಪಿತ್ತ ಹಾಕಿ ಮಾಡುವ, ಕಲೆ ತೆಗೆಯುವ ಮಾಮೂಲಿ ಸೋಪು. ಪಕ್ಕದಲ್ಲಿ ಹೆಸರಿಲ್ಲ, ಚೀಟಿಯಿಲ್ಲ. ಯಾರೋ ಮರೆತು ಬಿಟ್ಟುಹೋಗಿದ್ದಾರೆ ಎಂದು ನಕ್ಕು ಮುಂದೆ ಹೋಗುವವರನ್ನು ಕಂಡರೆ ಊರಿನ ಹಳಬರಿಗೆ ಮೈ ಉರಿಯುತ್ತದೆ.

ಆ ಸೋಪು ಮಿರ್ಯಾ ತೊಲ್ವಾನೆನ್ ಎಂಬ ಹೆಂಗಸಿನದು.

ಮಿರ್ಯಾ ಇಪ್ಪತ್ತೇಳು ವರ್ಷ ಊರಿನ ಕಾಗದದ ಕಾರ್ಖಾನೆಯಲ್ಲಿ ದುಡಿದವಳು. ಕಾರ್ಖಾನೆ ಮುಚ್ಚಿದಾಗ ಅವಳಿಗೆ ಐವತ್ತೊಂದು. ಆ ವಯಸ್ಸಿನವಳಿಗೆ ಕೆಲಸ ಕೊಡುವವರು ಯಾರು? ಎಂಟು ತಿಂಗಳು ಬಾಗಿಲು ಬಾಗಿಲು ತಟ್ಟಿದಳು. ಕೊನೆಗೆ ಕುರ್ಕಿ ತಂಡದ ಬಟ್ಟೆ ಒಗೆಯುವ ಕೋಣೆಗೆ, ಒಂದು ತಿಂಗಳು ನೋಡೋಣ ಎಂದು ಸೇರಿಸಿಕೊಂಡರು. ಸೇರಿಸಿಕೊಂಡವನು ಓಸ್ಮೋ, ಆಟಗಾರರ ಸಾಮಾನು ಸರಂಜಾಮಿನ ಮೇಸ್ತ್ರಿ. ಮೂವತ್ತು ವರ್ಷ ಸ್ಕೇಟುಗಳ ಅಲಗು ಮಸೆಯುತ್ತಾ ನಾಲಿಗೆಯನ್ನೂ ಮಸೆದುಕೊಂಡಿದ್ದ ಮನುಷ್ಯ.

“ಬುಟ್ಟೀಲಿ ಇರೋದನ್ನ ಒಗಿ. ಗೂಟದಲ್ಲಿ ತೂಗಾಕಿರೋದನ್ನ ಮುಟ್ಬೇಡ,” ಎಂದ ಮೊದಲ ದಿನವೇ. “ಕೆಳಗ್ ಬಿದ್ರೂ ಎತ್ಬೇಡ. ಅವು ಅದೃಷ್ಟದ್ದು.”

“ನಾತ ಹೊಡೀತಿದೆಯಲ್ಲ, ಓಸ್ಮೋ.”

“ಅದೃಷ್ಟ ಅಂದ್ರೆ ಹಂಗೇ ಇರತ್ತೆ. ಮೂಗ್ ಮುಚ್ಕೊಂಡ್ ಕೆಲ್ಸ ಮಾಡು.”

ಗೂಟಗಳಲ್ಲಿ ನಾಯಕನ ಎಂಟು ವರ್ಷದ ಹಳೇ ಕಾಲುಚೀಲವಿತ್ತು, ಒಬ್ಬನ ಅಜ್ಜಿ ಹೆಣೆದ ಮೊಣಕಾಲು ಪಟ್ಟಿಯಿತ್ತು. ಎಲ್ಲಕ್ಕಿಂತ ದೊಡ್ಡ ದೇವರೆಂದರೆ ಗೋಲ್‌ಕೀಪರ್ ಕಿಮ್ಮೋನ ಒಳಂಗಿ. ಕಿಮ್ಮೋ ಇಪ್ಪತ್ಮೂರರ ಹುಡುಗ, ಬಾಗಿಲು ದಾಟಬೇಕಾದರೆ ತಲೆ ಬಗ್ಗಿಸಬೇಕು, ಅಷ್ಟು ಎತ್ತರ. ನವೆಂಬರಿನಿಂದ ಅವನು ಹನ್ನೆರಡು ಆಟ ಸಾಲಾಗಿ ಗೆಲ್ಲಿಸಿದ್ದ. ಅಷ್ಟೂ ಆಟಗಳಲ್ಲಿ ಆ ಒಳಂಗಿ ನೀರು ಕಂಡಿರಲಿಲ್ಲ. ಉಪ್ಪು ಹಾಕಿ ಒಣಗಿಸಿದ ಮೀನಿನ ಹಾಗೆ ಸೆಟೆದು ತೂಗುತ್ತಿತ್ತು.

ಮೂರನೆಯ ವಾರ ನೆಲ ಒರೆಸುವಾಗ ಆ ಅಂಗಿ ಮಿರ್ಯಾಳ ಭುಜಕ್ಕೆ ತಾಗಿತು. ಕಂಕುಳ ಕೆಳಗೆ ಅಂಗೈ ಅಗಲದ ಕಂದು ಕಲೆ, ಅಂಚಿನಲ್ಲಿ ಹಳದಿ. ಬೆವರಿನ ಕಲೆ ಹೇಗಿರುತ್ತದೆಂದು ಅವಳಿಗೆ ಗೊತ್ತು. ಇದು ರಕ್ತ, ಜೊತೆಗೆ ಕೀವು. ಕಾರ್ಖಾನೆಯಲ್ಲಿ ಅವಳ ಪಕ್ಕದ ಯಂತ್ರದವನೊಬ್ಬ ಹೀಗೇ ತರಚಿದ ಗಾಯವನ್ನು ಮುಚ್ಚಿಟ್ಟುಕೊಂಡು, ಕೊನೆಗೆ ಎರಡು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದ.

ಕಾಫಿ ಹೊತ್ತಿನಲ್ಲಿ ಅವಳು ಕಿಮ್ಮೋನನ್ನು ಹಿಡಿದಳು.

“ತೋಳು ನೋಯ್ತಿದ್ಯೇನೋ ಮಗಾ?”

“ಇಲ್ವಲ್ಲ ಚಿಕ್ಕಮ್ಮ, ಯಾಕೆ?”

ಹಾಗೆಂದವನು ತೋಳನ್ನು ಮೈಗೆ ತಾಗಿಸದೆ, ರೆಕ್ಕೆ ಬಿಚ್ಚಿದ ಹುಂಜದ ಹಾಗೆ ನಡೆದುಹೋದ.

ಮಿರ್ಯಾ ಒಗೆಯುವ ಕೋಣೆಯಲ್ಲಿ ತುಂಬ ಹೊತ್ತು ನಿಂತಿದ್ದಳು. ತಿಂಗಳು ಮುಗಿಯಲು ಒಂಬತ್ತು ದಿನ ಬಾಕಿ. ಈ ಅಂಗಿ ಮುಟ್ಟಿದರೆ ಕೆಲಸ ಹೋಯಿತೆಂದೇ ಲೆಕ್ಕ, ಊರಲ್ಲಿ ಬೇರೆ ಕೆಲಸವಿಲ್ಲ. ಓಸ್ಮೋಗೆ ಹೇಳೋಣವೆಂದರೆ ಅವನು ಬೆವರು ಎನ್ನುತ್ತಾನೆ. ಕೊನೆಗೆ ಚೀಲದಿಂದ ಮನೆಯ ಪಿತ್ತದ ಸೋಪು ತೆಗೆದಳು. ರಕ್ತಕ್ಕೆ ಬಿಸಿನೀರು ಆಗದು. ತಣ್ಣೀರಿನಲ್ಲಿ ಮೂರು ಸಲ ಉಜ್ಜಿ, ಹಿಂಡಿ, ಮತ್ತೆ ಅದೇ ಗೂಟಕ್ಕೆ ಹಾಕಿದಳು.

ಶನಿವಾರ ಕಿಮ್ಮೋ ಅಂಗಿ ಕೈಗೆತ್ತಿಕೊಂಡ. ಮೂಸಿದ. ಒಗೆಯುವ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದ. ಅದನ್ನೇ ಹಾಕಿಕೊಂಡ. ಅವತ್ತು ಕುರ್ಕಿ ತಂಡ ತನ್ನ ಸ್ವಂತ ಅಂಗಳದಲ್ಲಿ ಐದು–ಒಂದಕ್ಕೆ ಸೋತಿತು.

ಆಟ ಮುಗಿದು ಐದು ನಿಮಿಷವಾಗಿರಲಿಲ್ಲ, ಓಸ್ಮೋ ಕೋಣೆಗೆ ನುಗ್ಗಿದ. ಹಿಂದೆ ಅರ್ಧ ತಂಡ.

“ನೀನ್ ತೊಳ್ದಿದ್ದು ಅಂಗಿ ಅಲ್ಲ ಕಣಮ್ಮ, ಹನ್ನೆರಡು ಗೆಲುವು. ಬಾಯ್ಬಿಟ್ಟು ಹೇಳಿರ್ಲಿಲ್ವಾ ನಾನು, ಮುಟ್ಬೇಡ ಅಂತ?”

“ಹೇಳಿದ್ದೆ ನೀನು.”

“ಮತ್ತೆ ಯಾಕ್ ಮುಟ್ದೆ?”

“ಅದ್ರಲ್ಲಿ ರಕ್ತ ಇತ್ತು ಓಸ್ಮೋ. ಹನ್ನೆರಡು ಗೆಲುವು ಎಣಿಸಿದವ್ರು ಒಬ್ರಾದ್ರೂ ಅಂಗಿ ತಿರುಗಿಸಿ ನೋಡಿದ್ರಾ?”

“ಚೀಲ ತಗೊಂಡು ಮನೆಗ್ ನಡಿ.”

ಅವಳು ಕೋಟು ಹಾಕಿಕೊಳ್ಳುತ್ತಿದ್ದಳು. ಆಗ ಬಾಗಿಲಲ್ಲಿ ತಲೆ ಬಗ್ಗಿಸಿ ಕಿಮ್ಮೋ ಒಳಬಂದ. ಒಳಂಗಿ ಕಳಚಿ ತೋಳೆತ್ತಿದ. ಕಂಕುಳಿಂದ ಪಕ್ಕೆಯವರೆಗೆ ಚರ್ಮ ಸುಲಿದು ಹಸಿ ಮಾಂಸ ಕಾಣುತ್ತಿತ್ತು. ನಾಯಕ ಮುಖ ತಿರುಗಿಸಿದ.

“ಅಂಗಿ ಉಜ್ಜಿ ಉಜ್ಜಿ ಹೀಗಾಗಿ ಮೂರು ವಾರ ಆಯ್ತು,” ಎಂದ ಕಿಮ್ಮೋ. “ಡಾಕ್ಟ್ರಿಗೆ ತೋರಿಸಿದ್ರೆ ಆಟ ಬಿಡಿಸಿ ಕೂರಿಸ್ತಾರೆ. ಅಂಗಿ ಬದ್ಲಾಯಿಸಿದ್ರೆ ನೀವು ನನ್ನ ಜೀವಂತ ಬಿಡಲ್ಲ. ಯಾರಾದ್ರೂ ಅದನ್ನ ನೀರಿಗ್ ಹಾಕ್ಲಪ್ಪಾ ಅಂತ ದಿನಾ ಕಾಯ್ತಿದ್ದೆ. ನಂಗೆ ಧೈರ್ಯ ಬರ್ಲಿಲ್ಲ. ಇವತ್ತು ಐದು ಗೋಲು ಬಿಟ್ಟಿದ್ದು ನಾನು, ಚಿಕ್ಕಮ್ಮ ಅಲ್ಲ. ತೋಳು ಮೇಲೇಳ್ತಿರ್ಲಿಲ್ಲ.”

ಓಸ್ಮೋ ಗಾಯವನ್ನು ನೋಡಿದ, ಅಂಗಿಯನ್ನು ನೋಡಿದ. ಕ್ಷಮಿಸು ಎನ್ನುವ ಮಾತು ಆ ಮನುಷ್ಯನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಮೂಲೆಯ ಕೆಟಲಿನಿಂದ ಕಾಫಿ ಬಗ್ಗಿಸಿ, ತಾನು ದಿನಾ ಕುಡಿಯುವ ಸ್ವಂತ ಲೋಟವನ್ನು ಅವಳ ಮುಂದಿಟ್ಟ.

“ಕೋಟು ತೆಗಿ. ಸೋಮವಾರ ಎಂಟಕ್ಕೆ ಬಾ,” ಎಂದ. “ಆ ಕಾಲುಚೀಲಾನೂ ನೋಡು. ಎಂಟ್ ವರ್ಷದಿಂದ ನಂಗೂ ಉಸಿರು ಕಟ್ತಿದೆ.”

ಕಿಮ್ಮೋ ಎರಡು ವಾರ ಆಡಲಿಲ್ಲ. ಇನ್ನೂ ಸ್ವಲ್ಪ ತಡವಾಗಿದ್ದರೆ ಆ ವರ್ಷದ ಆಟವೇ ಮುಗಿಯುತ್ತಿತ್ತು ಎಂದು ಡಾಕ್ಟರು ಬೈದರು. ತಿರುಗಿ ಬಂದ ಮೊದಲ ಆಟವಾದ ಮೇಲೆ ಅವನು ಒಳಂಗಿಯನ್ನು ಬುಟ್ಟಿಗೆ ಎಸೆಯಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಒಗೆಯುವ ಕೋಣೆಯವರೆಗೂ ಹೋಗಿ, ಎರಡೂ ಕೈಯಿಂದ ಮಿರ್ಯಾಳ ಕೈಗೆ ಕೊಟ್ಟ. “ಥ್ಯಾಂಕ್ಸ್ ಚಿಕ್ಕಮ್ಮ,” ಎಂದ, ಅಷ್ಟೇ. ಅವನು ಇನ್ನೂ ಒಂಬತ್ತು ವರ್ಷ ಆಡಿದ, ಒಂದು ಸಲವೂ ಅದನ್ನು ತಪ್ಪಿಸಲಿಲ್ಲ. ಅವನ ನಂತರ ಬಂದ ಗೋಲ್‌ಕೀಪರುಗಳೂ ತಪ್ಪಿಸಿಲ್ಲ. ಯಾಕೆಂದು ಕೇಳಿದರೆ ಈಗಿನವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ, ಆದರೂ ಒಗೆಯುವವರ ಕೈಗೇ ಕೊಡುತ್ತಾರೆ.

ಒಂದು ತಿಂಗಳಿಗೆಂದು ಬಂದ ಮಿರ್ಯಾ ಹದಿನಾಲ್ಕು ವರ್ಷ ಇದ್ದಳು. ಬೆಳಿಗ್ಗೆ ಕೋಣೆಯ ಬಾಗಿಲು ತೆರೆಯುವಾಗ ಬೀಗವನ್ನು ಒಮ್ಮೆ ಸವರುತ್ತಿದ್ದಳು. ಏನದು ಎಂದು ಓಸ್ಮೋ ರೇಗಿಸಿದರೆ, “ನನ್ನ ಒಳಗ್ ಬಿಟ್ಕೊಂಡಿದೆಯಲ್ಲ ಈ ಬಾಗ್ಲು, ಅದಕ್ಕೆ,” ಎನ್ನುತ್ತಿದ್ದಳು.

ಅವಳ ಕೊನೆಯ ದಿನ, ಮುದುಕನಾಗಿದ್ದ ಓಸ್ಮೋ ಅವಳ ಬೇಸಿನ್ನಿನ ಮೇಲಿದ್ದ ಸೋಪಿನ ತುಂಡನ್ನು ತಂದು, ಬಟ್ಟಲುಗಳನ್ನು ಸರಿಸಿ, ತಾನೇ ಕಪಾಟಿನಲ್ಲಿಟ್ಟ. ಕಿಮ್ಮೋ ದೂರದ ಊರಿಂದ ಹೆಂಡತಿ ಮಕ್ಕಳೊಂದಿಗೆ ಬಂದು ನಿಂತಿದ್ದ. ಹೆಸರು ಬರೆಸೋಣವಾ ಎಂದು ಕೇಳಿದರೆ ಮಿರ್ಯಾ ಬೇಡವೆಂದಳು. ಗಾಜಿನೊಳಗೆ ಕಣ್ಣು ಕಿರಿದು ಮಾಡಿ ನೋಡಿದಳು.

“ಇನ್ನೂ ಒಂದ್ ತಿಂಗಳಿಗೆ ಆಗ್ತಿತ್ತು ಅದು,” ಎಂದಳು. “ಸುಮ್ನೆ ದಂಡ ಮಾಡಿದ್ರಿ.”

ಹಾಗೆಂದವಳು ಕೈಚೀಲದಿಂದ ಕರವಸ್ತ್ರ ತೆಗೆದು, ಗಾಜಿನ ಮೇಲಿದ್ದ ಓಸ್ಮೋನ ಬೆರಳಿನ ಗುರುತನ್ನು ಒರೆಸಿದಳು.