ಭಾವನ ಸ್ಪೀಕರಿನಲ್ಲಿ ತಾಳವಿಲ್ಲ

"ಸುಮಾ, ಜಲ್ದಿ ಬಾರವ್ವಾ. ನನಗ ಮೋಸ ಆಗೈತಿ."

ಭಾನುವಾರ ಬೆಳಿಗ್ಗೆ ಭಾವನ ಫೋನು. ಭಾವ ಅಂದರೆ ನಮ್ಮ ಗಿರಿಜಕ್ಕನ ಗಂಡ ಬಸವರಾಜ. ಇಲ್ಲೇ ಹೊಸಪೇಟೆಯಲ್ಲಿ, ನಮ್ಮ ಮನೆಯಿಂದ ಕಾಲುವೆ ದಾಟಿದರೆ ಅವರ ಮನೆ. ನಮ್ಮೂರಲ್ಲಿ ಮೋಸ ಅಂದರೆ ಎರಡೇ ನೆನಪಾಗುತ್ತವೆ. ಒಂದೋ ಸೈಟು, ಇಲ್ಲವೇ ಓಟಿಪಿ. ತಟ್ಟೆಯಲ್ಲಿದ್ದ ಒಗ್ಗರಣೆ ಮಂಡಕ್ಕಿ ಹಾಗೇ ಬಿಟ್ಟು ಸ್ಕೂಟಿ ಹತ್ತಿದೆ.

ಹೋಗಿ ನೋಡಿದರೆ ಸೈಟೂ ಅಲ್ಲ, ಓಟಿಪಿಯೂ ಅಲ್ಲ. ಸ್ಪೀಕರ್.

"ಕುಂದ್ರು. ಕೇಳು. ಆಮ್ಯಾಲೆ ನೀನ ನ್ಯಾಯ ಹೇಳು," ಅಂದರು ಭಾವ.

ನ್ಯಾಯ ಹೇಳಲು ನಾನೇ ಯಾಕೆ? ಹಿಂದೊಮ್ಮೆ ಇದೇ ಅಂಕಣದಲ್ಲಿ ಹೆಡ್‌ಫೋನ್ ಕೊಳ್ಳುವುದು ಹೇಗೆ ಎಂದು ಬರೆದಿದ್ದೆ. (ನಿಮ್ಮಲ್ಲಿ ಕೆಲವರು ಅದನ್ನು ನಂಬಿ ಕೊಂಡು, ಆಮೇಲೆ ನನ್ನನ್ನು ಬೈದದ್ದೂ ಉಂಟು.) ಅಂದಿನಿಂದ ಬಂಧುಬಳಗದ ಪಾಲಿಗೆ ನಾನು ಸೌಂಡ್ ಎಕ್ಸ್‌ಪರ್ಟ್. ಯಾರ ಮನೆಗೆ ಹೋದರೂ ಚಹಾಕ್ಕಿಂತ ಮೊದಲು ಒಂದು ಬ್ಲೂಟೂತ್ ಡಬ್ಬಿ ನನ್ನ ಮುಂದೆ ಬರುತ್ತದೆ. ನಾನು ಕಣ್ಣು ಮುಚ್ಚಿ, ತಲೆ ಆಡಿಸಿ, "ಬಾಸ್ ಸ್ವಲ್ಪ ಜಾಸ್ತಿ" ಅನ್ನುತ್ತೇನೆ. ಎಲ್ಲ ಸ್ಪೀಕರಿಗೂ ಹೊಂದುವ ಮಾತು ಅದು.

ಭಾವನ ವಿಷಯ ಹಾಗಲ್ಲ. ಅವರಿಗೆ ನಿಜವಾಗಿಯೂ ಸಂಗೀತದ ಹುಚ್ಚು. ಹುಟ್ಟಿದ ಊರು ಚೋರನೂರು. ಅಲ್ಲಿ ಚಿಕ್ಕಂದಿನಲ್ಲಿ ಭಜನೆಗೆ ತಾಳ ಹಾಕುತ್ತಿದ್ದರು. ಮೀಸೆ ಚಿಗುರುವ ಹೊತ್ತಿಗೆ ಸಂಡೂರು ಕಡೆಯ ಒಂದು ಅದಿರು ಪ್ಲಾಂಟಿನಲ್ಲಿ ಕ್ರಷರ್ ಕೆಲಸಕ್ಕೆ ಸೇರಿದರು. ಕಲ್ಲು ಪುಡಿ ಮಾಡುವ ಆ ಯಂತ್ರದ ಪಕ್ಕದಲ್ಲೇ ಹೆಲ್ಪರ್ ಆಗಿ, ಆಪರೇಟರ್ ಆಗಿ, ಕೊನೆಗೆ ಫೋರ್‌ಮನ್ ಆದರು. ಭಜನೆ ಬಿಟ್ಟುಹೋಯಿತು. ತತ್ವಪದದ ಕ್ಯಾಸೆಟ್ ಕೊಳ್ಳುವುದು ಮಾತ್ರ ಬಿಡಲಿಲ್ಲ. ಆದರೆ ಶಿಫ್ಟ್ ಮುಗಿಸಿ ಕೆಂಪು ಧೂಳು ತೊಳೆದುಕೊಂಡು ಕೂತ ಮನುಷ್ಯನಿಗೆ ಹಾಡು ಬೇಕೋ, ನಿದ್ದೆ ಬೇಕೋ? ಕ್ಯಾಸೆಟ್‌ಗಳೆಲ್ಲ ಟ್ರಂಕಿನಲ್ಲೇ ಉಳಿದವು.

"ರಿಟೈರ್ ಆದ ಮ್ಯಾಲೆ ಕೇಳಾಕ ಇದ್ದ ಐತಲ್ಲ," ಅನ್ನುತ್ತಿದ್ದರು.

ಈಚೆಗೆ ರಿಟೈರ್ ಆದರು. ಒಂದು ಕಂಪ್ಯೂಟರ್ ಬಂತು. ಕ್ಯಾಸೆಟ್‌ಗಳೆಲ್ಲ ಅದರೊಳಗೆ ಏರಿದವು, ಹೊಸ ರೆಕಾರ್ಡಿಂಗ್‌ಗಳೂ ಸೇರಿದವು. ಮೇಜಿನ ಮೇಲಿಡುವ ಪ್ರೀಮಿಯಂ ಸ್ಪೀಕರ್ ಜೋಡಿ ಬಂತು, ಒಂದು ಹೆಡ್‌ಫೋನ್ ಬಂತು. (ಬೆಲೆ ಬರೆಯುವುದಿಲ್ಲ. ಈ ಅಂಕಣವನ್ನು ಅಕ್ಕನೂ ಓದುತ್ತಾಳೆ.) ಇಡುವುದರಲ್ಲಿ ಎಂಥ ಶಿಸ್ತು ಅಂತೀರಿ. ಸ್ಪೀಕರ್ ಸರಿಯಾಗಿ ಕಿವಿಯ ಎತ್ತರಕ್ಕೆ ಬರಲೆಂದು ಅಡಿಯಲ್ಲಿ ಮರದ ಹಲಗೆ. ಗೋಡೆಯಿಂದ ಮೊಳ ದೂರ. ಕಿಟಕಿಗೆ ದಪ್ಪ ಪರದೆ. ಎರಡೂ ಸ್ಪೀಕರು ಕುರ್ಚಿಯ ಕಡೆಗೆ ತುಸು ಮುಖ ತಿರುಗಿಸಿ ನಿಂತಿದ್ದವು.

ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ತತ್ವಪದ ಶುರುವಾಯಿತು. ಹಾರ್ಮೋನಿಯಂ, ತಬಲಾ, ಆಮೇಲೆ ಗಾಯಕನ ತುಂಬು ಗಂಟಲು.

"ತಬಲಾ ಹೆಂಗೈತಿ?"

"ಮಸ್ತ್ ಐತಿ ಭಾವ."

"ಅದು ಬಿಡು. ಈಗ ತಾಳ ಬರ್ತೈತಿ, ಕೇಳು. ಕಟಗಿಗೆ ಕಟಗಿ ಬಡದಂಗ ಇಲ್ಲೇನು? ಕಿಣಿಕಿಣಿ ಎಲ್ಲೈತಿ? ತಾಳ ಹೊಡದ ಮ್ಯಾಲೆ ಅದರ ನಾದ ಗಾಳ್ಯಾಗ ನಿಂದ್ರಬೇಕು. ನಾ ತಾಳ ಹಾಕಿದವ ಅದೀನಿ, ನನಗ ಗೊತ್ತಿಲ್ಲೇನು?"

ತಾಳ ಬಂತು. ನನಗೆ ಕೇಳಿಸಿದ್ದು ಕಟ್ಟಿಗೆಯಲ್ಲ. ಕಂಚು. ಅಂಚಿಗೆ ಅಂಚು ತಾಗಿ, ಹೊಳೆದು, ನಿಧಾನವಾಗಿ ಕರಗುತ್ತಿದ್ದ ಕಂಚಿನ ನಾದ. ನಾನು ಇಷ್ಟು ದಿನ ಕೇಳಿದ ಸ್ಪೀಕರುಗಳಲ್ಲಿ ಇದರಷ್ಟು ಚೊಕ್ಕದ್ದು ಇನ್ನೊಂದಿಲ್ಲ.

"ಹೆಡ್‌ಫೋನಿನಾಗೂ ಇದ ಹಣೆಬರಹ," ಭಾವ ಅದನ್ನು ನನ್ನ ಕಿವಿಗೆ ಹಾಕಿದರು. ಅಲ್ಲಿ ಇನ್ನೂ ಸ್ಪಷ್ಟ. ಗಾಯಕ ಉಸಿರು ಎಳೆದುಕೊಳ್ಳುವುದೂ ಕೇಳಿಸಿತು.

"ಸ್ಪೀಕರ್ ಒಮ್ಮೆ ಬದಲಿ ಮಾಡಿಸ್ಕೊಂಡು ಬಂದೆ. ಮತ್ತ ಇಂಥವ ಕೊಟ್ಟಾನ. ಹೊಸಪೇಟಿ ಮಂದಿಗೆ ಏನ್ ತಿಳೀತೈತಿ ಅಂತ ಡುಪ್ಲಿಕೇಟ್ ಮಾಲು ತಂದು ಮಾರ್ತಾನ ಆ ವಿರೂಪಾಕ್ಷಪ್ಪ. ನಿನ್ನೆ ಅಂಗಡ್ಯಾಗ ಎಲ್ಲರ ಮುಂದ ಹೇಳಿ ಬಂದೀನಿ, ನೀ ಕಳ್ಳ ಅಂತ."

ನಾನು ಹೆಡ್‌ಫೋನ್ ತೆಗೆದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನಾನು ನೋಡಿದ ಕೂಡಲೇ ಅವಳು ತಲೆ ತಗ್ಗಿಸಿ ಅಡುಗೆಮನೆಗೆ ಹೋದಳು. ನೀರು ಕುಡಿಯುವ ನೆಪದಲ್ಲಿ ನಾನೂ ಹಿಂದೆ ಹೋದೆ.

"ನಿನಗ ಗೊತ್ತೈತಿ, ಹೌದಿಲ್ಲೋ?" ಅಂದೆ.

ಅಕ್ಕ ದನಿ ತಗ್ಗಿಸಲಿಲ್ಲ. ತಗ್ಗಿಸುವ ಅಗತ್ಯವಿರಲಿಲ್ಲ.

"ಕಂಪ್ಲಿಯಿಂದ ಮೊಮ್ಮಗಳು ಫೋನ್ ಮಾಡ್ತಾಳ. ಅದರ ದನಿ ಭಾಳ ಸಣ್ಣದು. ಇವರು ಒಂದ್ ನಿಮಿಷ ಹಲೋ ಹಲೋ ಅಂದು, ನೆಟ್‌ವರ್ಕ್ ಸರಿ ಇಲ್ಲ ಅಂತ ನನ್ನ ಕೈಗೆ ಕೊಡ್ತಾರ. ನನಗ ಎಲ್ಲಾ ಚಂದ ಕೇಳಸ್ತೈತಿ. ಆ ಕೂಸು, ತಾತ ಯಾಕ ನನ್ನ ಕೂಡ ಮಾತಾಡಂಗಿಲ್ಲ ಅಂತೈತಿ. ಏನಂತ ಹೇಳ್ಲಿ?"

"ಡಾಕ್ಟರಿಗೆ ತೋರಿಸಬೇಕಿತ್ತಲ್ಲ."

"ಹೆಂಗ ಹೇಳೋದು? ಆ ಹಾಡಿನ ಸಲುವಾಗಿ ರಿಟೈರ್ ಆಗೋದನ್ನ ಕಾಯ್ಕೊಂತ ಕುಂತಿದ್ರು. ನೀನೂ ಹೇಳಬ್ಯಾಡ."

ನಾನು ಹೇಳುತ್ತಿರಲಿಲ್ಲವೇನೋ. ಬಾಸ್ ಸ್ವಲ್ಪ ಜಾಸ್ತಿ ಎಂದು ಹೇಳಿ ಮನೆಗೆ ಬಂದುಬಿಡುತ್ತಿದ್ದೆನೇನೋ. ಆದರೆ ಭಾವ ಆಗಲೇ ಶರ್ಟ್ ಹಾಕಿಕೊಂಡು, ಸ್ಪೀಕರನ್ನೂ ಹೆಡ್‌ಫೋನನ್ನೂ ಡಬ್ಬಿಗೆ ತುಂಬಿ, ಆಟೊ ಕರೆಸಿದ್ದರು. ಅಂಗಡಿಗೆ ನಾನು ಸಾಕ್ಷಿ.

ಬಸ್ ಸ್ಟ್ಯಾಂಡ್ ಹಿಂದಿನ ಆ ಅಂಗಡಿಯಲ್ಲಿ ಭಾನುವಾರದ ಗಿರಾಕಿಗಳಿದ್ದರು. ನಾವು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಅಂದರೆ ಹಿಂದಿನ ದಿನದ ಜಗಳ ಊರಿಗೆಲ್ಲ ತಿಳಿದಿತ್ತು. ವಿರೂಪಾಕ್ಷಪ್ಪ ನಡುವಯಸ್ಸಿನ ಮನುಷ್ಯ, ಹಣೆಯ ಮೇಲೆ ವಿಭೂತಿ. ಕಣ್ಣಲ್ಲಿ ನಿದ್ದೆ ಇರಲಿಲ್ಲ.

"ಬರ್ರಿ ಅಣ್ಣಾರ, ಕುಂದ್ರಿ," ಅಂದರು. ಭಾವ ಕೂರಲಿಲ್ಲ.

ವಿರೂಪಾಕ್ಷಪ್ಪ ಭಾವನ ಸ್ಪೀಕರನ್ನು ಬದಿಗಿಟ್ಟು, ಅಂಗಡಿಯಲ್ಲೇ ಎಲ್ಲಕ್ಕಿಂತ ದೊಡ್ಡ ಜೋಡಿಗೆ ಅದೇ ಹಾಡನ್ನು ಹಾಕಿದರು. ಹಾರ್ಮೋನಿಯಂ ಬಂತು, ತಬಲಾ ಬಂತು, ತಾಳ ಬಂತು.

"ಇದರಾಗೂ ಇಲ್ಲ," ಅಂದರು ಭಾವ. "ಎಲ್ಲಾ ಒಂದ ಕಂಪನಿ ಕಳ್ಳ ಮಾಲು."

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಒಬ್ಬ ನಕ್ಕ.

ವಿರೂಪಾಕ್ಷಪ್ಪ ನನ್ನ ಕಡೆ ತಿರುಗಿದರು. "ಮೇಡಂ, ನಮ್ಮಪ್ಪನ ಕಾಲದಾಗಿಂದ ರೇಡಿಯೋ ಮಾರಿದ ಅಂಗಡಿ ಇದು. ನಿನ್ನೆಯಿಂದ ಮಂದಿ ಬಂದು, ಒರಿಜಿನಲ್ ಹೌದೇನ್ರಿ ಅಂತ ಕೇಳಾಕ ಹತ್ಯಾರ. ನೀವು ಪೇಪರಿಗೆ ಬರೆಯೋರು. ತಾಳ ಕೇಳ್ತೈತೋ ಇಲ್ಲೋ, ನೀವ ಹೇಳ್ರಿ."

ನಿಮಗಾದರೆ ಏನು ಹೇಳುತ್ತಿದ್ದಿರಿ? ಒಂದು ಕಡೆ ಅಂಗಡಿಯವನ ಹೆಸರು. ಇನ್ನೊಂದು ಕಡೆ ನನ್ನ ಭಾವ. ಮಗಳ ಮದುವೆಯಲ್ಲಿ ಕೂಡ ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ ಆಸೆಗಣ್ಣಿನಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ಬಾಯಿ ನೋಡಿಯೇ ಅವರು ಮಾತು ತಿಳಿಯುತ್ತಿದ್ದಾರೆ ಎಂದು ನನಗೆ ಹೊಳೆದದ್ದು ಆಗಲೇ.

"ಕೇಳ್ತೈತಿ ಭಾವ," ಅಂದೆ. "ಚಂದ ಕೇಳ್ತೈತಿ. ನಿಮ್ಮ ಮನಿ ಸ್ಪೀಕರಿನಾಗೂ ಕೇಳಿಸ್ತು."

ಹಾಡು ನಡೆದೇ ಇತ್ತು. ಯಾರೋ ನಿಲ್ಲಿಸಿದರು. ಭಾವ ಹೆಡ್‌ಫೋನಿನ ವೈರನ್ನು ನಿಧಾನವಾಗಿ ಸುತ್ತಿ, ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿದರು. ಆಟೊದಲ್ಲಿ ಇಡೀ ದಾರಿ ಹೊರಗೇ ನೋಡುತ್ತಾ ಕೂತಿದ್ದರು.

ಮನೆಗೆ ಬಂದವರು ಅಕ್ಕನನ್ನು ಕೇಳಿದ್ದು ಒಂದೇ ಮಾತು. "ಯಾವಾಗಿಂದ ಗೊತ್ತು?"

"ಕುಕ್ಕರ್ ಸೀಟಿ ಹೊಡದ್ರೂ ನೀವು ತಿರುಗಿ ನೋಡೋದು ಬಿಟ್ಟಾಗಿಂದ," ಅಂದಳು ಅಕ್ಕ. ಅತ್ತಳು. ಭಾವ ಅವಳ ಪಕ್ಕ ಕೂತು, ಅವಳ ಕೈ ಹಿಡಿದುಕೊಂಡರು. ನಾನು ಹೊರಗೆ ಬಂದೆ.

ಕಣ್ಣು ಮಂಜಾದರೆ ನಾವು ಕನ್ನಡಕ ಮಾಡಿಸಿಕೊಡುತ್ತೇವೆ. ಕಿವಿ ಮಂದವಾದರೆ ನಗುತ್ತೇವೆ. ಕಾರ್ಯಕ್ರಮಗಳಲ್ಲಿ, ಸೀರಿಯಲ್‌ಗಳಲ್ಲಿ ಇಂದಿಗೂ ಕಿವುಡನೆಂದರೆ ಕಾಮಿಡಿ. ಆ ಅಂಗಡಿಯಲ್ಲಿ ನಕ್ಕವನು ಕೆಟ್ಟವನೇನಲ್ಲ. ನಮ್ಮ ನಿಮ್ಮಂಥವನೇ.

ಮರುದಿನ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಗಾಜಿನ ಪುಟ್ಟ ಕೋಣೆಯೊಳಗೆ ಭಾವನನ್ನು ಕೂರಿಸಿ, ಮತ್ತೊಂದು ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಹೊರಗೆ ನಿಂತು ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಮೊದಮೊದಲು ಒತ್ತುತ್ತಿದ್ದರು. ಆಮೇಲೆ ಬೆರಳು ಕಾಯುತ್ತಾ ಕೂತಿತು. ಪರೀಕ್ಷಿಸುವ ಹುಡುಗಿ ಸದ್ದು ಏರಿಸುತ್ತಲೇ ಇದ್ದಳು. ಬೆರಳು ಅಲುಗಲಿಲ್ಲ.

"ಎಲ್ಲಿ ಕೆಲಸ ಮಾಡ್ತಿದ್ರಿ?" ಎಂದು ಕೇಳಿದಳು.

"ಕ್ರಷರ್."

"ಕಿವಿಗೆ ಏನು ಹಾಕ್ಕೊಂತಿದ್ರಿ?"

"ಹತ್ತಿ."

"ಇಯರ್ ಮಫ್ ಕೊಡ್ತಿರಲಿಲ್ವಾ?"

ಭಾವ ನಕ್ಕರು. ಆ ಎರಡು ದಿನದಲ್ಲಿ ಅವರು ನಕ್ಕಿದ್ದು ಅದೊಂದೇ ಸಲ. "ಕೊಡ್ತಿದ್ರವ್ವಾ. ಇನ್ಸ್‌ಪೆಕ್ಷನ್ ಬಂದ ದಿನ ಎಲ್ಲರಿಗೂ ಕೊಡ್ತಿದ್ರು. ಸಂಜೀಗೆ ವಾಪಸ್ ತೊಗೊಂಡು ಬೀರುದಾಗ ಇಟ್ಟು ಕೀಲಿ ಹಾಕ್ತಿದ್ರು. ಹಾಳಾಗಬಾರದಲ್ಲ."

ಹಾಳಾಗಬಾರದು. ಸರಿ.

ವರ್ಷಕ್ಕೊಮ್ಮೆ ಮೆಡಿಕಲ್ ಕ್ಯಾಂಪ್ ಕೂಡ ಇತ್ತಂತೆ. ವ್ಯಾನ್ ಬರುತ್ತಿತ್ತು. ಎತ್ತರ, ತೂಕ, ಬಿ.ಪಿ. ಕಿವಿಯ ಸರದಿ ಬಂದಾಗ ಎದುರು ಕೂತವನು "ಕೇಳ್ತೈತಾ?" ಅನ್ನುತ್ತಿದ್ದ. ಇವರು "ಹ್ಞೂ" ಅನ್ನುತ್ತಿದ್ದರು. ಪಾಸ್.

ಯಂತ್ರದ ಸದ್ದಿಗೆ ಒಳಗಿನ ನರವೇ ಸವೆದಿದೆ, ತಾಳದಂಥ ಎತ್ತರದ ಸ್ವರವೇ ಮೊದಲು ಹೋಗುವುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಮಷೀನು ಹಾಕಿದರೆ ಮಾತು ತಿಳಿಯುತ್ತದೆ. ಸಂಗೀತ? "ಮೊದಲಿನಂಗ ಆಗಂಗಿಲ್ಲ ಯಜಮಾನ್ರ," ಅಂದರು.

ಭಾವ ಅಲ್ಲಿಂದ ನೇರ ಮನೆಗೆ ಬರಲಿಲ್ಲ. ಅಂಗಡಿಗೆ ಹೋದರು. ಗಿರಾಕಿಗಳಿದ್ದಾಗಲೇ, ಎಲ್ಲರಿಗೂ ಕೇಳುವಂತೆ, "ವಿರೂಪಾಕ್ಷಪ್ಪಾ, ನಿನ್ನ ಮಾಲು ಚಲೋ ಐತಿ. ದೋಷ ಇರೋದು ನನ್ನ ಕಿವ್ಯಾಗ. ನಿನಗ ಕಳ್ಳ ಅಂದಿದ್ದು ತಪ್ಪಾತು," ಅಂದರು. ವಿರೂಪಾಕ್ಷಪ್ಪ ಎದ್ದು ಬಂದು, ಸ್ಪೀಕರ್ ವಾಪಸ್ ತಗೊಂತೀನಿ ಅಣ್ಣಾರ, ರೊಕ್ಕ ಒಯ್ರಿ ಅಂದರು. ಭಾವ ಒಪ್ಪಲಿಲ್ಲ.

ಈಗ ಆ ಕುರ್ಚಿಯಲ್ಲಿ ಅಕ್ಕ ಕೂರುತ್ತಾಳೆ. ಭಾವ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಹಾಡು ಹಚ್ಚುತ್ತಾರೆ. ಅವರಿಗೆ ಎಲ್ಲ ಪದವೂ ಬಾಯಿಪಾಠ, ತಾಳ ಎಲ್ಲಿ ಬೀಳಬೇಕು ಎಂಬುದು ಕೈಗೆ ಗೊತ್ತು. ಅಲ್ಲಿಗೆ ಬಂದಾಗ ಅಕ್ಕನ ಮುಖ ನೋಡುತ್ತಾರೆ.

"ಬಂತೇನು?"

"ಬಂತು."

ಒಂದು ಸಲ ನಾನೂ ಅಲ್ಲಿದ್ದೆ. ಹೆಚ್ಚು ಹೊತ್ತು ಇರಲಾಗಲಿಲ್ಲ.

ಮನೆಗೆ ಬಂದು ಇಂಟರ್ನೆಟ್‌ನಲ್ಲಿ ಸ್ಪೀಕರುಗಳ ರಿವ್ಯೂ ಓದಿದೆ. ವಾರ್ಮ್ ಸೌಂಡ್, ಕ್ರಿಸ್ಪ್ ಟ್ರೆಬಲ್, ಸ್ಪಾರ್ಕಲ್. ಸ್ಪೀಕರನ್ನು ಅಳೆಯುವುದಕ್ಕೆ ನಮ್ಮಲ್ಲಿ ಎಷ್ಟೊಂದು ಶಬ್ದಗಳು. ಕೇಳುವ ಕಿವಿಯನ್ನು ಅಳೆಯುವುದಕ್ಕೆ ಒಂದೇ ಪ್ರಶ್ನೆ: ಕೇಳ್ತೈತಾ?

ಸಿಟ್ಟು ತಡೆಯಲಾಗದೆ ಆ ಪ್ಲಾಂಟಿಗೆ ಫೋನ್ ಮಾಡಿದೆ. ಆಫೀಸಿನವರು ಸೇಫ್ಟಿ ನೋಡಿಕೊಳ್ಳುವ ಅಧಿಕಾರಿಗೆ ಲೈನ್ ಕೊಟ್ಟರು. ಅವರು ಕ್ರಷರ್ ಸೈಟಿನಲ್ಲಿದ್ದರು. ನಾನು ಯಾರು, ಯಾರ ವಿಷಯ, ಏನಾಗಿದೆ ಎಂದು ಒಂದೂ ಬಿಡದೆ ಹೇಳಿದೆ. ಬೀರುವಿನಲ್ಲಿ ಕೀಲಿ ಹಾಕಿಟ್ಟ ಇಯರ್ ಮಫ್‌ಗಳ ಬಗ್ಗೆಯೂ ಕೇಳಿದೆ. ಆ ಕಡೆಯಿಂದ ಗಡಗಡ ಸದ್ದು, ಅದರ ನಡುವೆ ಅವರ ಕೂಗು.

"ಸ್ವಲ್ಪ ಜೋರಾಗಿ ಮಾತಾಡ್ರಿ ಮೇಡಂ, ಇಲ್ಲಿ ಏನೂ ಕೇಳಸಂಗಿಲ್ಲ."

ಇನ್ನೂ ಎಷ್ಟು ಜೋರಾಗಿ ಹೇಳಬೇಕು?